ತಟ್ಟೆಯಲ್ಲಿ ಗುಮ್ಮ

ಮಗಳು ಮೇಜಿನ ಕೆಳಗೆ ಹೋಗಿ ಕೂತಿದ್ದಳು. ಮೇಜಿನ ಮೇಲೆ, ಬಿಳಿ ಪಿಂಗಾಣಿ ತಟ್ಟೆಯಲ್ಲಿ, ಒಂದು ಕೈ ಇತ್ತು. ಹಿಂದಿನ ರಾತ್ರಿ ಹನ್ನೊಂದು ಗಂಟೆಯವರೆಗೆ ಎದ್ದಿದ್ದು ನಾನೇ ಮಾಡಿದ ಕೈ. ಅಡುಗೆಗೆ ಬಳಸುವ ತೆಳು ಗ್ಲೌಸಿನೊಳಗೆ ಕೆಂಪು ಜೆಲ್ಲಿ ಸುರಿದು, ಬಾಯಿ ಕಟ್ಟಿ ಫ್ರಿಜ್ಜಿನಲ್ಲಿ ಇಟ್ಟು, ಬೆಳಿಗ್ಗೆ ಕತ್ತರಿಯಿಂದ ಗ್ಲೌಸನ್ನು ನಿಧಾನಕ್ಕೆ ಬಿಡಿಸಿದ್ದೆ. ಬಿಡಿಸುವಾಗ ಕಿರುಬೆರಳು ಮುರಿದುಹೋಯಿತು. ಇದೇ ಇನ್ನೂ ಚೆನ್ನಾಗಿದೆ ಎಂದು ನನಗೆ ಒಳಗೊಳಗೇ ಖುಷಿ. ಮೇಜಿಗೆ ಯಾರ ಮೊಣಕೈ ತಾಗಿದರೂ ಆ ಕೈ ಗಡಗಡ ನಡುಗುತ್ತಿತ್ತು.

"ಅಪ್ಪಾ, ಅದು ಯಾರ ಕೈ?" ಕೆಳಗಿನಿಂದ ಸಣ್ಣ ದನಿ ಬಂತು.

"ಯಾರದೂ ಅಲ್ಲ ಪುಟ್ಟಿ, ಜೆಲ್ಲಿ ಅದು."

"ಮತ್ತೆ ಯಾಕೆ ಕೈ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗ ಅವಳಿಗೆ ಮೂರು ವರ್ಷ, ಅಣ್ಣನಿಗೆ ಏಳು. ಅಮೆರಿಕಕ್ಕೆ ಬಂದಮೇಲೆ ಮನೆಯಲ್ಲಿ ನಾನು ಮೊದಲ ಸಲ ಮಾಡಿದ ಹ್ಯಾಲೊವೀನ್ ಊಟ ಅದು. ಹ್ಯಾಲೊವೀನ್ ಅಂದರೆ ಅಕ್ಟೋಬರ್ 31ರ ರಾತ್ರಿ ಮಕ್ಕಳು ದೆವ್ವ ಭೂತದ ವೇಷ ಹಾಕಿ, ಮನೆಮನೆಗೆ ಹೋಗಿ ಚಾಕೊಲೇಟ್ ಬೇಡುವ ಹಬ್ಬ. ಕೈ ಜೊತೆಗೆ ಸ್ಕ್ವಿಡ್ ಎಂಬ ಕಡಲ ಪ್ರಾಣಿಯ ಶಾಯಿ ಹಾಕಿದ ಕಪ್ಪು ಪಾಸ್ತಾ ಇತ್ತು. ಪಾಲಕ್ ರುಬ್ಬಿದ ಹಸಿರು ಸೂಪಿಗೆ 'ಮಾಟಗಾತಿಯ ಕಷಾಯ' ಎಂದು ಹೆಸರಿಟ್ಟು, ಚೀಟಿ ಬರೆದು ಬೌಲಿಗೆ ಅಂಟಿಸಿದ್ದೆ. ಮಗ ಒಂದು ಎಳೆ ಪಾಸ್ತಾ ಬಾಯಿಗಿಟ್ಟು, ಸಮುದ್ರದ ವಾಸನೆ ಎಂದು ಮೂಗು ಮುಚ್ಚಿಕೊಂಡ. ಕನ್ನಡಿಯಲ್ಲಿ ಹಲ್ಲು ನೋಡಿಕೊಂಡು, ಕಪ್ಪಾಗಿದ್ದನ್ನು ಕಂಡು ಮಾತ್ರ ಕುಣಿದಾಡಿದ. ಹೊಟ್ಟೆಗೆ ಮಾತ್ರ ಏನೂ ಹೋಗಲಿಲ್ಲ. ಕೊನೆಗೆ ಇಬ್ಬರೂ ಬ್ರೆಡ್ಡಿಗೆ ಪೀನಟ್ ಬಟರ್ ಸವರಿಕೊಂಡು ತಿಂದು, ಚಾಕೊಲೇಟ್ ಬೇಡಲು ಹೊರಟರು. ನಾನೂ ಹೆಂಡತಿಯೂ ಎರಡು ದಿನ ಕಪ್ಪು ಪಾಸ್ತಾ ತಿಂದೆವು. ಸೂಪು ಸಿಂಕಿಗೆ ಹೋಯಿತು.

ಆ ರಾತ್ರಿ ಪಾತ್ರೆ ತೊಳೆಯುವಾಗ ಗುಮ್ಮ ನೆನಪಾದ. ನಮ್ಮ ಮಾತಿನಲ್ಲಿ ಊಟಕ್ಕೂ ಗುಮ್ಮನಿಗೂ ಹಳೇ ನಂಟು. ಮಗು ತುತ್ತು ಬಾಯಲ್ಲೇ ಇಟ್ಟುಕೊಂಡು ಕೂತಾಗ ಕರೆಯುವುದು ಅವನನ್ನೇ ಅಲ್ವಾ? "ತಿನ್ಲಿಲ್ಲ ಅಂದ್ರೆ ಗುಮ್ಮ ಬರ್ತಾನೆ ನೋಡು." ಗುಮ್ಮ ಬಾಗಿಲಾಚೆ ಕತ್ತಲಲ್ಲಿ ನಿಂತಿರುತ್ತಾನೆ, ಮಗು ಇತ್ತ ಬೆಳಕಲ್ಲಿ ಗಬಗಬ ನುಂಗುತ್ತದೆ. ಹ್ಯಾಲೊವೀನ್ ಊಟದ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಗುಮ್ಮನನ್ನು ಮನೆಯೊಳಗೆ ಕರೆದು, ತಟ್ಟೆಗೆ ಹಾಕಿ, ಮೇಲೆ ಕೆಚಪ್ ಸುರಿದು, ಮಗುವಿನ ಕೈಗೆ ಫೋರ್ಕ್ ಕೊಡುವುದು. ನಾನು ಕರೆದದ್ದೇನೋ ಕರೆದೆ. ಮಗಳ ಕೈಗೆ ಏನೂ ಕೊಡಲಿಲ್ಲ. ಅವಳಿಗೆ ಗೊತ್ತಾಗದ ಹಾಗೆ ರಾತ್ರೋರಾತ್ರಿ ಒಂದು ಕೈ ಮಾಡಿ ಮೇಜಿನ ಮೇಲೆ ಇಟ್ಟುಬಿಟ್ಟೆ.

ಇನ್ನೊಂದು ಎಡವಟ್ಟೂ ಇತ್ತು. ಎರಡರಿಂದ ಆರು ವರ್ಷದ ನಡುವೆ ಮಕ್ಕಳಿಗೆ ಹೊಸ ತಿನಿಸು ಅಂದರೆ ಅನುಮಾನ ಜಾಸ್ತಿ. ನಿನ್ನೆ ತಿಂದ ಬಾಳೆಹಣ್ಣಿನ ಮೇಲೆ ಇವತ್ತು ಒಂದು ಚುಕ್ಕೆ ಕಂಡರೂ ಮೂತಿ ತಿರುಗಿಸುವ ವಯಸ್ಸು ಅದು. ಅಂಥವರ ಮುಂದೆ ಹೊಸ ಬಣ್ಣ, ಹೊಸ ವಾಸನೆ, ಹೊಸ ರುಚಿ ಎಲ್ಲವನ್ನೂ ಒಂದೇ ತಟ್ಟೆಯಲ್ಲಿಟ್ಟು, ಅದಕ್ಕೆ ಕಷಾಯ ಎಂದು ಹೆಸರು ಬೇರೆ ಇಟ್ಟಿದ್ದೆ. ಕಷಾಯ ಅಂದರೆ ದೊಡ್ಡವರೇ ಓಡುತ್ತಾರೆ.

ಮರುವರ್ಷದ ಹೊತ್ತಿಗೆ ಒಂದು ನಿಯಮ ಮಾಡಿಕೊಂಡೆ. ಕಣ್ಣಿಗೆ ಎಷ್ಟು ಬೇಕಾದರೂ ಹೊಸದಾಗಿರಲಿ, ಬಾಯಿಗೆ ಮಾತ್ರ ಹಳೇ ಪರಿಚಯ ಇರಬೇಕು. ಮಕ್ಕಳು ಮಾಮೂಲಿ ದಿನ ಖುಷಿಯಿಂದ ತಿನ್ನುವುದಕ್ಕಷ್ಟೇ ವೇಷ ಹಾಕುವುದು. ಇನ್ನೊಂದು, ವೇಷ ಹಾಕುವ ಕೆಲಸ ಅವರದ್ದು.

ಹಾಗೆ ಬಂದದ್ದು ಮಮ್ಮಿ. ಪಿರಮಿಡ್ಡಿನ ಮಮ್ಮಿ. ಇಲ್ಲಿ ಇದನ್ನು ಮಾಡದ ಮನೆ ಕಡಿಮೆ, ಹೆಚ್ಚುಗಾರಿಕೆ ಏನೂ ಇಲ್ಲ. ಹಾಟ್‌ಡಾಗ್ ಸಾಸೇಜಿಗೆ ಹಿಟ್ಟಿನ ಪಟ್ಟಿ ಸುತ್ತಿ ಬೇಯಿಸುವುದು, ಅಷ್ಟೇ. ಮಾಂಸ ಬೇಡದವರು ಸಸ್ಯಾಹಾರಿ ಸಾಸೇಜಿಗೋ, ದಪ್ಪ ಚೀಸ್ ಕಡ್ಡಿಗೋ ಸುತ್ತಬಹುದು. ಚೀಸ್ ಆದರೆ ಮೊದಲು ಫ್ರೀಜರಿನಲ್ಲಿ ಗಟ್ಟಿ ಮಾಡಿಕೊಳ್ಳಿ, ಇಲ್ಲದಿದ್ದರೆ ಒಳಗಿನ ಹೆಣವೆಲ್ಲ ಕರಗಿ ಟ್ರೇ ತುಂಬ ಹರಿಯುತ್ತದೆ. ಅದನ್ನೂ ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ಸುತ್ತಲು ಬಳಸುವುದು ಕ್ರೆಸೆಂಟ್ ರೋಲ್ ಎಂಬ ಬನ್ನಿನ ಹಿಟ್ಟು, ಕಲಸಿದ್ದೇ ಕಾಗದದ ಡಬ್ಬಿಯಲ್ಲಿ ಬರುತ್ತದೆ. ಮೇಲಿನ ಕಾಗದ ಸುಲಿದು, ಕೂಡುಗೆರೆಯ ಮೇಲೆ ಚಮಚದಿಂದ ಒತ್ತಿದರೆ ಟಪ್ ಎಂದು ಸಿಡಿಯುತ್ತದೆ. ಮಗನಿಗೆ ಇಡೀ ಊಟದಲ್ಲಿ ಅದೇ ಹೆಚ್ಚು ಇಷ್ಟ. ಗೊತ್ತಿದ್ದೂ ಗೊತ್ತಿದ್ದೂ ಪ್ರತಿ ಸಲ ಬೆಚ್ಚುತ್ತಾನೆ, ಬೆಚ್ಚಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಹಿಟ್ಟು ಹಾಸಿ, ಪಿಜ್ಜಾ ಕಟರಿನಿಂದ ಅರ್ಧ ಇಂಚಿಗಿಂತ ಸಣ್ಣ ಪಟ್ಟಿ ಕತ್ತರಿಸಿದೆ. ಸುತ್ತುವ ಕೆಲಸ ಅವರಿಬ್ಬರದ್ದು. ಮಗ ಅಡ್ಡಾದಿಡ್ಡಿ ಸುತ್ತಿ, ಮುಖದ ಹತ್ತಿರ ಒಂದು ಸಂದಿ ಬಿಟ್ಟ. ಒಲೆಯಲ್ಲಿ ಹಿಟ್ಟು ಉಬ್ಬಿ ಆ ಸಂದಿ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಸ್ವಲ್ಪ ದೊಡ್ಡದಾಗಿಯೇ ಬಿಡಬೇಕು. 375 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 190 ಸೆಲ್ಸಿಯಸ್‌ನಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಸಾಕು. ಕಣ್ಣು ಆಮೇಲೆ, ಸಾಸಿವೆ ಸಾಸಿನ ಎರಡು ಚುಕ್ಕೆ.

ಮಗಳು ಮಾತ್ರ ಸಂದಿ ಬಿಡಲೇ ಇಲ್ಲ. ತಲೆಯಿಂದ ಕಾಲಿನವರೆಗೆ ಸುತ್ತಿ, ತುದಿಯನ್ನು ಕಂಬಳಿ ಒಳಗೆ ಸೇರಿಸಿದ ಹಾಗೆ ಬೆರಳಿಂದ ಒತ್ತಿ ಅಂಟಿಸಿದಳು.

"ಕಣ್ಣು ಎಲ್ಲಿಡೋದು ಇದಕ್ಕೆ?" ಎಂದೆ.

"ಬೇಡ. ಇದು ನಿದ್ದೆ ಮಾಡ್ತಿದೆ."

ಒಲೆಯಿಂದ ತೆಗೆದಾಗಲೂ ಅವಳ ಮಮ್ಮಿ ನಿದ್ದೆಯಲ್ಲೇ ಇತ್ತು. ಉಬ್ಬಿ ಗುಂಡಗಾಗಿ, ಹೊಂಬಣ್ಣಕ್ಕೆ ತಿರುಗಿ, ದೆವ್ವಕ್ಕಿಂತ ಹೆಚ್ಚು ಬೆಣ್ಣೆ ಬನ್ನಿನ ಹಾಗೆ ಕಾಣುತ್ತಿತ್ತು. ಅದು ಎಚ್ಚರ ಆಗುವ ಮುಂಚೆ ತಿಂದು ಮುಗಿಸಬೇಕು ಎಂದು ಪಿಸುಗುಟ್ಟಿ, ಸದ್ದು ಮಾಡದೆ ತಿನ್ನತೊಡಗಿದಳು. ಅಣ್ಣನಿಗೂ "ಶ್" ಎಂದಳು. ಅವಳು ಒಂದು ಊಟವನ್ನು ಅಷ್ಟು ಗಮನ ಕೊಟ್ಟು ತಿಂದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು. ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ತಿನಿಸುಗಳಲ್ಲಿ ಹಾಟ್‌ಡಾಗ್ ಮೊದಲ ಸಾಲಿನಲ್ಲಿದೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2010ರಲ್ಲೇ ಇದರ ಬಗ್ಗೆ ಜೋರಾಗಿ ಹೇಳಿದೆ. ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದರೆ ಅದು ಶ್ವಾಸನಾಳಕ್ಕೆ ಬಿರಡೆ ಹಾಕಿದ ಹಾಗೆ ಕೂತುಬಿಡುತ್ತದೆ. ಉದ್ದಕ್ಕೆ ಸೀಳಿ, ಆಮೇಲೆ ಸಣ್ಣಗೆ ಮಾಡಬೇಕು. ಇಡೀ ದ್ರಾಕ್ಷಿಯೂ ಹಾಗೇ. ಹ್ಯಾಲೊವೀನ್ ಅಡುಗೆಯ ಚಿತ್ರಗಳಲ್ಲಿ ಎಲ್ಲಿ ನೋಡಿದರೂ ಕಣ್ಣುಗುಡ್ಡೆ. ಸಿಪ್ಪೆ ಸುಲಿದ ದ್ರಾಕ್ಷಿ, ಲಿಚಿಯೊಳಗೆ ಬ್ಲೂಬೆರಿ, ಹೀಗೆ. ನೋಡಲು ಭಾರಿ ಚೆನ್ನ. ಆದರೆ ನಾಲ್ಕೈದು ವರ್ಷದೊಳಗಿನ ಮಕ್ಕಳಿರುವ ಮೇಜಿಗೆ, ಅದೂ ಓಡಾಡುತ್ತ ನಗುತ್ತ ತಿನ್ನುವ ರಾತ್ರಿಗೆ, ಗುಂಡಗೆ ನುಣ್ಣಗೆ ಜಾರುವಂಥದ್ದು ಬೇಡವೇ ಬೇಡ. ನಾವು ಬೇಯಿಸಿದ ಮೊಟ್ಟೆಯ ಬಿಲ್ಲೆ ಮೇಲೆ ಕಪ್ಪು ಆಲಿವ್ ಚೂರು ಇಟ್ಟು ಕಣ್ಣು ಮಾಡಿದೆವು. ಇನ್ನು ಮಗಳ ಮಮ್ಮಿಯನ್ನು ಉದ್ದಕ್ಕೆ ಸೀಳಬೇಕಲ್ಲ, ನಿದ್ದೆ ಮಾಡುತ್ತಿದೆ ಬೇರೆ. ಮಗ ದಾರಿ ತೋರಿಸಿದ: "ಆಪರೇಷನ್ ಅಂತ ಹೇಳು ಅಪ್ಪಾ." ಒಪ್ಪಿದಳು. ನಿದ್ದೆಯಲ್ಲೇ ಆದರೆ ನೋವಾಗಲ್ಲ ಎಂದಳು.

ಹೊತ್ತಿನ ವಿಷಯಕ್ಕೆ ಬರುತ್ತೇನೆ. ಅಕ್ಟೋಬರ್ 31ರ ಸಂಜೆ ಊಟಕ್ಕೆ ಸಿಗುವ ಸಮಯ ಬಹಳ ಕಡಿಮೆ. ಮಕ್ಕಳು ಸ್ಕೂಲಿನಿಂದ ಬಂದಿರುತ್ತಾರೆ, ವೇಷ ಹಾಕಬೇಕು, ಕತ್ತಲಾಗುವ ಹೊತ್ತಿಗೆ ಬೀದಿಗೆ ಇಳಿಯಬೇಕು. ಐದು ಗಂಟೆಗೆ ತಟ್ಟೆ ಮುಂದಿರಬೇಕು, ಐದೂವರೆಗೆ ಖಾಲಿಯಾಗಿರಬೇಕು. ಹಾಗಾಗಿ ಕೈಯಲ್ಲಿ ಹಿಡಿದು ತಿನ್ನುವಂಥದ್ದೇ ವಾಸಿ. ಮುಖಕ್ಕೆ ಬಣ್ಣ ಊಟ ಆದಮೇಲೆ. ಒಂದು ವರ್ಷ ಮೊದಲೇ ಹಚ್ಚಿ, ಅರ್ಧ ಅಸ್ಥಿಪಂಜರ ಊಟದ ಜೊತೆಗೇ ಹೊಟ್ಟೆಗೆ ಹೋಯಿತು.

ಇನ್ನೊಂದು ತಮಾಷೆ, ಐದು ಗಂಟೆಗೆ ಹೊರಗೆ ಬಿಸಿಲು. ಬೇಸಿಗೆಗೆಂದು ಒಂದು ಗಂಟೆ ಮುಂದಿಟ್ಟ ಗಡಿಯಾರವನ್ನು 2007ರಿಂದ ಇಲ್ಲಿ ಹಿಂದಕ್ಕೆ ತಿರುಗಿಸುವುದು ನವೆಂಬರಿನ ಮೊದಲ ಭಾನುವಾರ. ಅದಕ್ಕೆ ಮುಂಚೆ ಅಕ್ಟೋಬರಿನ ಕೊನೆಯ ಭಾನುವಾರವೇ ತಿರುಗಿಸುತ್ತಿದ್ದರು, ಹ್ಯಾಲೊವೀನ್ ಬೇಗ ಕಪ್ಪಾಗುತ್ತಿತ್ತು. ಈಗ ಒಂದು ಗಂಟೆ ಬೆಳಕು ಜಾಸ್ತಿ. ಮೊದಲ ವರ್ಷ ನಾನು ಪರದೆ ಎಲ್ಲ ಎಳೆದು, ಬ್ಯಾಟರಿ ಮೇಣದಬತ್ತಿ ಇಟ್ಟು, ಕತ್ತಲು ಮಾಡಲು ಒದ್ದಾಡಿದ್ದೆ. ಎರಡನೇ ವರ್ಷ ಸುಮ್ನೆ ಬಿಟ್ಟೆ. ಕಿಟಕಿಯಿಂದ ಬಿಸಿಲು ಬಿದ್ದು ಮಮ್ಮಿಗಳೆಲ್ಲ ಹೊಳೆಯುತ್ತಿದ್ದವು. ನಾಲ್ಕು ವರ್ಷದವಳ ಧೈರ್ಯದಲ್ಲಿ ಅರ್ಧ ಪಾಲು ಆ ಬಿಸಿಲಿನದ್ದೇ ಎಂದು ನನ್ನ ಅನುಮಾನ. ಊಟದ ಕೊನೆಗೆ ಅವಳೇ ಹೋಗಿ ಒಂದು ಪರದೆ ಎಳೆದಳು. ಒಂದೇ ಒಂದು.

ಹೆದರಿದ್ದು ದೊಡ್ಡವರು. ಬೆರಳು ಬಿಸ್ಕೆಟ್ಟಿನ ಕಥೆ ಇದು. ಬೆಣ್ಣೆ ಬಿಸ್ಕೆಟ್ಟಿನ ಹಿಟ್ಟನ್ನು ಉದ್ದಕ್ಕೆ ಹೊಸೆದು, ಗೆಣ್ಣಿನ ಜಾಗದಲ್ಲಿ ಚಾಕುವಿನ ಬೆನ್ನಿಂದ ಮೂರು ಮೂರು ಗೆರೆ ಒತ್ತಿ, ತುದಿಗೆ ಸ್ವಲ್ಪ ಕೆಂಪು ಜಾಮ್ ಹಚ್ಚಿ, ಅದರ ಮೇಲೆ ಉಗುರು ಕೂರಿಸುವುದು. ಎಲ್ಲರೂ ಉಗುರಿಗೆ ಬಾದಾಮಿ ಇಡುತ್ತಾರೆ. ಪಕ್ಕದ ಮನೆ ಹುಡುಗನಿಗೆ ಬಾದಾಮಿ, ಗೋಡಂಬಿ ಯಾವುದೂ ಆಗುವುದಿಲ್ಲ. ಇಂಥ ಮಕ್ಕಳಿಗೆಂದೇ ಇಲ್ಲಿ ಕೆಲವು ಮನೆಗಳು ಮೆಟ್ಟಿಲ ಮೇಲೆ ನೀಲಿ-ಹಸಿರು ಬಣ್ಣದ ಕುಂಬಳಕಾಯಿ ಇಡುತ್ತವೆ. ಇಲ್ಲಿ ತಿಂಡಿಯಲ್ಲದ ಸಣ್ಣಪುಟ್ಟ ಆಟಿಕೆಯೂ ಸಿಗುತ್ತದೆ ಎಂಬ ಗುರುತು ಅದು. 2014ರಿಂದ ದೇಶದ ತುಂಬ ಹರಡಿದ ಪದ್ಧತಿ. ಅವನೂ ಊಟಕ್ಕೆ ಬರುವವನಿದ್ದ, ಹಾಗಾಗಿ ನಾವು ಮುಖ ಕೆತ್ತಿದ ಕುಂಬಳಕಾಯಿಯ ಬೀಜಗಳನ್ನೇ ತೊಳೆದು ಒಣಗಿಸಿ ಉಗುರು ಮಾಡಿದೆವು. ಬಾದಾಮಿಗಿಂತ ಚೆನ್ನಾಗಿ ಬಂತು. ಮಂಕು ಬಿಳಿ, ಅಂಚು ಸ್ವಲ್ಪ ಎದ್ದಿದೆ, ತಿಂಗಳಿಂದ ಕತ್ತರಿಸದ ಉಗುರೇ.

ಹಿಟ್ಟನ್ನು ಫ್ರಿಜ್ಜಿನಲ್ಲಿ ಚೆನ್ನಾಗಿ ತಣ್ಣಗೆ ಮಾಡಬೇಕು, ನಮಗೆ ಬೇಕಾದ ಬೆರಳಿಗಿಂತ ಸಣ್ಣಗೆ, ಹೆಚ್ಚುಕಡಿಮೆ ಪೆನ್ಸಿಲಿನಷ್ಟೇ ಹೊಸೆಯಬೇಕು. ನಾವು ಮೊದಲ ಟ್ರೇಯಲ್ಲಿ ಬೆರಳಿನಷ್ಟೇ ದಪ್ಪ ಹೊಸೆದು, ಬೆಂದಾಗ ಎಲ್ಲವೂ ಕಾಲಿನ ಹೆಬ್ಬೆರಳಾಗಿದ್ದವು. ಮಗ ತಲೆ ಕೆಡಿಸಿಕೊಳ್ಳಲಿಲ್ಲ, "ರಾಕ್ಷಸನ ಕಾಲು" ಎಂದು ಬೇರೆ ತಟ್ಟೆಗೆ ಜೋಡಿಸಿದ. ಸುಡುವ ಮುಂಚೆ ಎಣಿಸಿದ್ದ ಉಗುರಿನಲ್ಲಿ ಒಂದಷ್ಟು ಕಡಿಮೆ ಬಂದವು. "ಬೀಜ ಯಾರೋ ತಿಂದಿದ್ದಾರೆ" ಎಂದೆ, ಸುಮ್ನೆ, ಯಾರ ಮುಖವನ್ನೂ ನೋಡದೆ. ಮಗ ತುಟಿ ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅದನ್ನು ಕಣ್ಣಾರೆ ಕಂಡದ್ದು ಅವತ್ತೇ.

ಹೆಂಡತಿ ಕೆಲಸದಿಂದ ಬಂದು, ಬ್ಯಾಗು ಇಟ್ಟು, ಹಸಿವು ಎಂದು ತಟ್ಟೆಗೆ ಕೈ ಹಾಕಿದವಳು ಹಾಗೇ ಹಿಂದಕ್ಕೆ ತೆಗೆದಳು. ಬಿಸ್ಕೆಟ್ಟು ಎಂದು ಗೊತ್ತು. ಬೆಣ್ಣೆ ತಂದುಕೊಟ್ಟವಳೂ ಅವಳೇ. "ಉಗುರು ತೆಗೆದುಕೊಡು, ತಿಂತೀನಿ" ಎಂದಳು. ಉಗುರು ತೆಗೆದುಕೊಟ್ಟರೆ ಅದರಡಿಯ ಕೆಂಪು ಜಾಮ್ ನೋಡಿ ಇನ್ನೂ ಬೇಡ ಎಂದಳು. ಪಾಲ್ ರೋಜಿನ್ ಎಂಬ ಮನಃಶಾಸ್ತ್ರಜ್ಞ ಮತ್ತು ಜೊತೆಗಾರರು 1986ರಲ್ಲಿ ಇಂಥದ್ದೇ ಒಂದನ್ನು ಮಾಡಿ ನೋಡಿದ್ದರು. ಒಂದೇ ಚಾಕೊಲೇಟ್ ಮಿಠಾಯಿಯನ್ನು ಎರಡು ಆಕಾರದಲ್ಲಿ ಕೊಟ್ಟರು, ಒಂದು ಸಾಧಾರಣ ಬಿಲ್ಲೆ, ಇನ್ನೊಂದು ನಾಯಿಯ ಹೇಲಿನ ಆಕಾರ. ಎರಡೂ ಅದೇ ಮಿಠಾಯಿ ಎಂದು ಚೆನ್ನಾಗಿ ಗೊತ್ತಿದ್ದ ದೊಡ್ಡವರೂ ಎರಡನೆಯದನ್ನು ತಿನ್ನಲು ಹಿಂಜರಿದರು. ಇದನ್ನು ಹೆಂಡತಿಗೆ ಸಮಾಧಾನಕ್ಕೆಂದು ಹೇಳಿದೆ. ಊಟದ ಹೊತ್ತಿಗೆ ಹೇಳುವ ಮಾತಾ ಇದು ಎಂದು ಬೈಸಿಕೊಂಡೆ. ಅಷ್ಟರಲ್ಲಿ ಮಗಳು ಎರಡು ಬೆರಳು ಮುಗಿಸಿ ಮೂರನೆಯದನ್ನು ಹಾಲಿನಲ್ಲಿ ಅದ್ದುತ್ತಿದ್ದಳು. ಆ ಬೆರಳುಗಳನ್ನು ಹೊಸೆದದ್ದು ಅವಳು, ಉಗುರು ಒತ್ತಿದ್ದು ಅವಳು. ಹಿಟ್ಟಾಗಿದ್ದಾಗಿನಿಂದ ಅವಳಿಗೆ ಅದರ ಪರಿಚಯ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಕಿತ್ತಳೆ ಬಣ್ಣದ ದಪ್ಪ ಮೆಣಸಿನಕಾಯಿಗೆ ತ್ರಿಕೋನದ ಕಣ್ಣು, ಬಾಯಿ ಕೊರೆದು, ಒಳಗೆ ಮ್ಯಾಕರೋನಿ ಚೀಸ್ ತುಂಬಿ ಬೇಯಿಸಿದೆ. ಒಲೆಯಲ್ಲಿ ಹತ್ತು ನಿಮಿಷ ಜಾಸ್ತಿ ಆಗಿ ಕೆನ್ನೆ ಕುಸಿದು ಎಲ್ಲರೂ ಬೊಚ್ಚುಬಾಯಿ ಅಜ್ಜಂದಿರಾದರು. ಮಕ್ಕಳು ಒಳಗಿನದ್ದನ್ನು ಕೆರೆದು ತಿಂದು, ಅಜ್ಜಂದಿರನ್ನು ನಮಗೆ ಬಿಟ್ಟರು. ರಕ್ತಕ್ಕೆ ಬೀಟ್‌ರೂಟ್ ರಸ. ಬಣ್ಣ ಒಳ್ಳೆಯದು, ಆದರೆ ಕೆಲವರಿಗೆ ಮರುದಿನ ಮೂತ್ರವೂ ಕೆಂಪಾಗುತ್ತದೆ. ಅಪಾಯ ಏನಿಲ್ಲ. ನವೆಂಬರ್ ಒಂದರ ಬೆಳಿಗ್ಗೆ ಬಾತ್‌ರೂಮಿನಿಂದ ಮಗ ಕಿರುಚಿದ್ದು ಮಾತ್ರ ಹಿಂದಿನ ರಾತ್ರಿಯ ಎಲ್ಲ ಕಿರುಚಾಟಕ್ಕಿಂತ ಜೋರಾಗಿತ್ತು. ಕಪ್ಪು ಬಣ್ಣಕ್ಕೆ ಇದ್ದಿಲ ಪುಡಿ ಹಾಕಿದ ಬನ್ನು, ಐಸ್‌ಕ್ರೀಮು ಬರುತ್ತವಲ್ಲ, ಅವನ್ನು ನಾನು ಮನೆಗೆ ತರುವುದಿಲ್ಲ. ಹೊಟ್ಟೆಯಲ್ಲಿರುವ ಔಷಧಿಯನ್ನೂ ಅದು ಹೀರಿಕೊಳ್ಳುತ್ತದೆ. ಕೋಕೋ ಪುಡಿಯಲ್ಲಿ ಬರುವ ಕಪ್ಪೇ ಮಕ್ಕಳಿಗೆ ಸಾಕಷ್ಟು ಕಪ್ಪು.

ಕುಡಿಯಲು ಶಂಖಪುಷ್ಪದ ಟೀ, ತಣ್ಣಗೆ, ಸ್ವಲ್ಪ ಸಕ್ಕರೆ ಹಾಕಿ. ಕಡು ನೀಲಿ. ಅದಕ್ಕೆ ನಿಂಬೆರಸ ಬಿದ್ದ ಕ್ಷಣ ನೇರಳೆ, ಇನ್ನಷ್ಟು ಹಿಂಡಿದರೆ ಗುಲಾಬಿ. ಹೂವಿನ ಆಂಥೋಸಯನಿನ್ ಎಂಬ ಬಣ್ಣಕ್ಕೆ ಹುಳಿ ತಾಗಿದಾಗ ಆಗುವ ಬದಲಾವಣೆ ಅದು. ಕೆಂಪು ಎಲೆಕೋಸು ಬೇಯಿಸಿದ ನೀರೂ ಹೀಗೇ ಮಾಡುತ್ತದೆ, ರುಚಿ ಮಾತ್ರ ಕೇಳಬೇಡಿ. ಪಕ್ಕದ ಮನೆ ಹುಡುಗ ಏಳು ಸಲ ಹಿಂಡಿದ. ಕುಡಿಯಲಾಗದಷ್ಟು ಹುಳಿಯಾಯಿತು, ಆದರೂ ಕುಡಿದ.

ಹೊಗೆ ಬೇಕು ಎಂದು ಮಗನ ಹಟ. ಡ್ರೈ ಐಸ್ ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಮೈನಸ್ 78.5 ಡಿಗ್ರಿ ಸೆಲ್ಸಿಯಸ್. ಬರಿಗೈಯಲ್ಲಿ ಮುಟ್ಟಿದರೆ ಸುಟ್ಟ ಹಾಗೆ ಗಾಯ. ಲೋಟದೊಳಗೆ ಹಾಕುವ ವಸ್ತು ಅಲ್ಲವೇ ಅಲ್ಲ, ಚೂರು ನುಂಗಿದರೆ ಒಳಗೆಲ್ಲ ಹುಣ್ಣು. ಮುಚ್ಚಳ ಬಿಗಿದ ಪಾತ್ರೆಯಲ್ಲಿಟ್ಟರೆ ಒತ್ತಡಕ್ಕೆ ಸಿಡಿಯುತ್ತದೆ. ದೊಡ್ಡ ಬೌಲಿನಲ್ಲಿ ಬಿಸಿನೀರು ಮತ್ತು ಡ್ರೈ ಐಸ್, ಅದರ ನಡುವೆ ಚಿಕ್ಕ ಬೌಲಿನಲ್ಲಿ ಟೀ, ಕಿಟಕಿ ತೆರೆದು, ಮಕ್ಕಳಿಂದ ದೂರ. ಇಷ್ಟೆಲ್ಲ ಮಾಡಿ ಹೊಗೆ ಎದ್ದದ್ದು ಐದು ನಿಮಿಷ. ಈ ವರ್ಷ ಬೇಡ ಎಂದುಕೊಂಡಿದ್ದೇನೆ.

ಹ್ಯಾಲೊವೀನ್ ಊಟ ಹುಟ್ಟಿದಾಗ ಇದರಲ್ಲಿ ಹೆದರಿಕೆಯ ಆಟ ಇರಲಿಲ್ಲ. ನವೆಂಬರ್ 1 ಕ್ರೈಸ್ತರಿಗೆ ಎಲ್ಲ ಸಂತರ ದಿನ. ಅದರ ಹಿಂದಿನ ಸಂಜೆ ಐರ್ಲೆಂಡಿನ ಕ್ಯಾಥೊಲಿಕ್ ಮನೆಗಳಲ್ಲಿ ಮಾಂಸ ಮಾಡುತ್ತಿರಲಿಲ್ಲ. ಆಲೂಗಡ್ಡೆ ಜಜ್ಜಿ ಎಲೆಕೋಸು ಸೇರಿಸಿದ ಕೋಲ್ಕ್ಯಾನನ್, ಆಮೇಲೆ ಒಣದ್ರಾಕ್ಷಿ ಹಾಕಿದ ಬಾರ್ಮ್‌ಬ್ರಾಕ್ ಎಂಬ ಬ್ರೆಡ್ಡು. ಬ್ರೆಡ್ಡಿನೊಳಗೆ ಉಂಗುರ, ನಾಣ್ಯ, ಬಟ್ಟೆಚೂರು ಅಡಗಿಸಿಡುತ್ತಿದ್ದರು. ಉಂಗುರ ಸಿಕ್ಕವರಿಗೆ ಮದುವೆ, ನಾಣ್ಯ ಸಿಕ್ಕವರಿಗೆ ದುಡ್ಡು, ಬಟ್ಟೆ ಸಿಕ್ಕವರಿಗೆ ಬಡತನ. ದೀಪಕ್ಕೆ ಮುಖ ಕೆತ್ತುತ್ತಿದ್ದುದು ಟರ್ನಿಪ್ ಗೆಡ್ಡೆಯಲ್ಲಿ. ಅಮೆರಿಕಕ್ಕೆ ಬಂದಮೇಲೆ ಕುಂಬಳಕಾಯಿ ಸಿಕ್ಕಿತು, ಟರ್ನಿಪ್ ಕೆತ್ತಿ ನೋಡಿದವರಿಗೆ ಯಾಕೆ ಬಿಟ್ಟರು ಎಂದು ಕೇಳಬೇಕಾಗಿಲ್ಲ. ಇಲ್ಲಿ ಶುರುವಿನಲ್ಲಿ ಈ ರಾತ್ರಿ ಅಂದರೆ ಪಡ್ಡೆ ಹುಡುಗರ ಪುಂಡಾಟ. ಅವರನ್ನು ಮನೆಯೊಳಗೆ ಕೂರಿಸಲು ದೊಡ್ಡವರು ಪಾರ್ಟಿ, ತಿಂಡಿ, ಆಟ ಎಂದು ಹುಡುಕಿದರು. ಡೆನಿಸನ್ ಎಂಬ ಕಾಗದದ ಕಂಪನಿ 1909ರಲ್ಲೇ ಮೇಜು ಸಿಂಗರಿಸುವ ಬಗೆ ಹೇಳುವ ಪುಸ್ತಿಕೆ ತಂದು, ಕ್ರೇಪ್ ಕಾಗದ ಮಾರಿಕೊಂಡಿತು.

ಆ ಉಂಗುರ, ನಾಣ್ಯ ನನಗೆ ಹಿಡಿಸಿತು, ಬ್ರೆಡ್ಡಿನೊಳಗೆ ಇಡುವ ಧೈರ್ಯ ಬರಲಿಲ್ಲ. ಗಂಟಲಿನ ಚಿಂತೆಯೇ ಮತ್ತೆ. ತಟ್ಟೆಗಳ ಅಡಿಗೆ ಚೀಟಿ ಅಂಟಿಸಿದೆ, ಊಟ ಖಾಲಿ ಮಾಡಿದವರು ಮಾತ್ರ ತಟ್ಟೆ ತಿರುಗಿಸಿ ನೋಡಬಹುದು. ಮಗನಿಗೆ ದುಡ್ಡು. ಪಕ್ಕದ ಮನೆ ಹುಡುಗನಿಗೆ ದೂರದ ಪ್ರಯಾಣ. ಮಗಳಿಗೆ ಮದುವೆ ಬಂತು, ಬೇಡ ಎಂದು ಅಮ್ಮನಿಗೆ ಕೊಟ್ಟಳು. ಅಮ್ಮನಿಗೂ ಬೇಡವಾಗಿ ನನಗೆ ಬಂತು.

ಆರು ಗಂಟೆಗೆ ಮೂವರೂ ಚೀಲ ಹಿಡಿದು ಹೊರಟರು. ಮಗಳು ಜೇನುಹುಳ, ಮಗ ಅಸ್ಥಿಪಂಜರ, ಪಕ್ಕದ ಮನೆಯವನು ಏನು ಎಂದು ಕೊನೆಯವರೆಗೂ ನನಗೆ ತಿಳಿಯಲಿಲ್ಲ. ಹೊಟ್ಟೆ ತುಂಬಿದ್ದರಿಂದ ದಾರಿಯಲ್ಲೇ ಚಾಕೊಲೇಟ್ ಬಿಚ್ಚಲಿಲ್ಲ, ಅಥವಾ ನನಗೆ ಕಾಣುವ ಹಾಗೆ ಬಿಚ್ಚಲಿಲ್ಲ. ಮೂರನೇ ಮನೆಯ ಅಂಗಳದಲ್ಲಿ ಯಾರೋ ನೆಲದಿಂದ ಮೇಲೆದ್ದ ರಬ್ಬರ್ ಕೈಯೊಂದನ್ನು ನೆಟ್ಟಿದ್ದರು. ನಾನು ಮಗಳ ಕೈ ಬಿಗಿ ಹಿಡಿದುಕೊಂಡೆ. ಅವಳು ಬಗ್ಗಿ ನೋಡಿ, "ಇದಕ್ಕೆ ಉಗುರೇ ಇಟ್ಟಿಲ್ಲ" ಎಂದು ಮುಂದೆ ಹೋದಳು.

ಮರುದಿನ ಸಂಜೆ ನನಗೆ ಸಾಕಾಗಿತ್ತು. ಅನ್ನ ಮಾಡಿ, ಹಸಿ ಬಟಾಣಿ ಬೇಯಿಸಿ, ಉಪ್ಪು ಬೆಣ್ಣೆ ಹಾಕಿ ಕೊಟ್ಟೆ. ಮಗಳು ಫೋರ್ಕಿನಿಂದ ಒಂದು ಬಟಾಣಿಯನ್ನು ಉರುಳಿಸಿ ನೋಡಿದಳು.

"ಅಪ್ಪಾ, ಇದು ಯಾರ ಕಣ್ಣು?"

"ಯಾರದೂ ಅಲ್ಲ ಪುಟ್ಟಿ. ಬಟಾಣಿ."

"ಹಾಗಾದ್ರೆ ಬೇಡ" ಎಂದು ತಟ್ಟೆ ನನ್ನ ಕಡೆಗೆ ತಳ್ಳಿದಳು.